ನಾಯಿಗೊಂದು ಹಣ್ಣು



ಉಣ್ಣುವವರ ಮುಖವನ್ನೇ ನೋಡುತ್ತ ಕುಳಿತ ನಾಯಿಗೆ ಏನನ್ನೂ ಕೊಡದೆ ಎದ್ದುಹೋಗುವುದು ಬಲು ಕಠಿಣವಾದ ಕೆಲಸ. ನಮ್ಮ ಹಿರಿಯರ ಕಾಲದಲ್ಲಿ ನಾಯಿ ಅಂಗಳದ ಪ್ರಾಣಿಯಾಗಿತ್ತು. ಉಳಿದ ಗಂಜಿ, ಮೀನಿನ ತಲೆ, ಇವು ಅದರ ಪಾಲು. ಈಗ ಅದು ಜಗಲಿಯನ್ನು ದಾಟಿ ಚಾವಡಿಗೆ ಬಂದಿದೆ. ಕೆಲವು ಮನೆಗಳಲ್ಲಿ ಮಂಚವನ್ನೂ ಏರಿದೆ. ಮನೆಯವರು ತಿಂದುದರಲ್ಲೆಲ್ಲ ಅದಕ್ಕೂ ಒಂದು ಪಾಲು ಬೇಕು. ಮಗು ಹಣ್ಣು ತಿನ್ನುತ್ತಿದ್ದರೆ ನಾಯಿಗೂ ಒಂದು ಹಣ್ಣು. ಈ ಅಕ್ಕರೆಯನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಸಣ್ಣ ಸಣ್ಣ ಹಣ್ಣುಗಳ ವಿಷಯದಲ್ಲಿ, ಯಾವುದನ್ನು ಕೊಡಬಹುದು, ಯಾವುದನ್ನು ಎಂದಿಗೂ ಕೊಡಬಾರದು ಎಂಬುದನ್ನು ತಿಳಿದು ಕೊಡುವುದು ಮೇಲು. ಕನ್ನಡ ಪಾಠ ಹೇಳುವ ನನಗೆ ಇದು ಸ್ವಕ್ಷೇತ್ರವಲ್ಲ. ಪಶುವೈದ್ಯರು ಒಪ್ಪಿ ಬರೆದಿಟ್ಟುದನ್ನೇ ಮನೆಮಾತಿನಲ್ಲಿ ಹೇಳುತ್ತಿದ್ದೇನೆ.

ನಾಯಿ ಮಾಂಸಾಹಾರಿ, ಅದಕ್ಕೆ ಹಣ್ಣಿನ ರುಚಿ ಏನು ಗೊತ್ತು ಎಂದು ಕೇಳುವವರುಂಟು. ಗೊತ್ತು. ಬೆಕ್ಕಿಗೆ ಸಿಹಿಯೆಂಬುದೇ ತಿಳಿಯದು; ಸಿಹಿಯನ್ನು ಗುರುತಿಸುವ ಅಂಶ ಅದರ ವಂಶವಾಹಿಯಲ್ಲಿ ಕೆಟ್ಟುಹೋಗಿದೆಯೆಂದು ೨೦೦೫ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಾಯಿಗೆ ಆ ಕೊರತೆಯಿಲ್ಲ. ಅದರ ದಾಯಾದಿಯಾದ ನರಿ ಬೋರೆ ಹಣ್ಣನ್ನು ಹುಡುಕಿಕೊಂಡು ಹೋಗಿ ತಿನ್ನುತ್ತದೆ. ದ್ರಾಕ್ಷಿ ಎಟುಕದೆ ಹುಳಿಯೆಂದು ಹೇಳಿ ಹೋದ ನರಿಯ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿದ್ದೇವೆ. ಅದರ ಜಾಗದಲ್ಲಿ ನಮ್ಮ ಮನೆಯ ನಾಯಿಯಿದ್ದಿದ್ದರೆ, ಎಟುಕದಿದ್ದುದೇ ಅದರ ಪುಣ್ಯ ಎಂದು ನಾನು ಹೇಳುತ್ತಿದ್ದೆ. ಅದೇಕೆಂಬುದು ಮುಂದೆ ತಿಳಿಯುತ್ತದೆ.

ಇಂಗ್ಲಿಷಿನವರು ಬೆರ್ರಿ ಎಂದು ಕರೆಯುವ ಹಣ್ಣುಗಳಿಗೆಲ್ಲ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಅದು ನಮ್ಮ ಭಾಷೆಯ ಬಡತನವಲ್ಲ. ನೇರಳೆ, ಕುಂಟಾಲ, ಕೇಪಳ, ಕರಂಡೆ, ನೆಲ್ಲಿ, ಬೋರೆ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಬಲ್ಲವರಿಗೆ ಒಟ್ಟು ಹೆಸರಿನ ಅಗತ್ಯ ಬೀಳಲಿಲ್ಲ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಾದರೋ ಬದನೆ, ಟೊಮೆಟೊಗಳು ಬೆರ್ರಿಗಳು, ಸ್ಟ್ರಾಬೆರ್ರಿಯೇ ಬೆರ್ರಿಯಲ್ಲ! ಆ ಜಗಳ ನಮಗೆ ಬೇಡ.

ಮೊದಲು ಪೇಟೆಯ ಹಣ್ಣುಗಳು. ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರ್ರಿ ಪಾರದರ್ಶಕ ಡಬ್ಬಿಗಳಲ್ಲಿ ನಮ್ಮ ಅಂಗಡಿಗಳಿಗೂ ಬರುತ್ತದೆ. ಚೆನ್ನಾಗಿ ತೊಳೆದು, ತೊಟ್ಟಿನ ಎಲೆಯನ್ನು ಕಿತ್ತು, ಹೆಚ್ಚಿ ಕೊಟ್ಟರೆ ದೋಷವಿಲ್ಲ. ಬ್ಲೂಬೆರ್ರಿಯೂ ಹಾಗೆಯೇ; ಆದರೆ ಮಂಜುಗಟ್ಟಿದ್ದನ್ನು ಇಡಿಯಾಗಿ ಹಾಕಿದರೆ ಸಣ್ಣ ನಾಯಿಯ ಗಂಟಲಲ್ಲಿ ಸಿಕ್ಕೀತು. ಬ್ಲೂಬೆರ್ರಿ ತಿಂದ ನಾಯಿ ಅಸಾಧಾರಣ ಬಲಶಾಲಿಯಾಗುತ್ತದೆಂಬ ಜಾಹೀರಾತನ್ನು ಮಾತ್ರ ನಂಬಬೇಡಿ. ಅಲಾಸ್ಕಾದಲ್ಲಿ ಹಿಮಗಾಡಿ ಎಳೆಯುವ ನಾಯಿಗಳಿಗೆ ಇದನ್ನು ತಿನ್ನಿಸಿ ಪರೀಕ್ಷಿಸಿದ ವರದಿ ೨೦೦೬ರಲ್ಲಿ ಬಂತು. ರಕ್ತದಲ್ಲಿ ಕೆಲವು ಹಿತಕರ ಗುಣಗಳು ಹೆಚ್ಚಿದವು. ಓಟದಿಂದ ಸ್ನಾಯುಗಳಿಗೆ ಆಗುವ ಹಾನಿ ಮಾತ್ರ ಕಡಮೆಯಾಗಲಿಲ್ಲ. ನೆಲ್ಲಿಕಾಯಿಯ 'ಸಿ' ಜೀವಸತ್ತ್ವವನ್ನು ನಾಯಿಗೆ ಒದಗಿಸಲು ಹೊರಟವರೂ ಇದ್ದಾರೆ. ನಾಯಿಯ ಯಕೃತ್ತು ಆ ಸತ್ತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ; ಆ ಭಾಗ್ಯ ಇಲ್ಲದವರು ನಾವು.

ನಮ್ಮ ನೇರಳೆ ಹಣ್ಣಿನಲ್ಲಿ ಅಂಜಬೇಕಾದುದು ಬೀಜಕ್ಕೆ. ಬೋರೆ, ನೆಲ್ಲಿಗಳಿಗೂ ಇದೇ ಮಾತು. ನಾಯಿ ನಮ್ಮಂತೆ ಬೀಜವನ್ನು ಉಗುಳುವುದಿಲ್ಲ. ನುಂಗಿದ ಬೀಜ ಸಣ್ಣ ಜಾತಿಯ ನಾಯಿಯ ಕರುಳಿನಲ್ಲಿ ಅಡ್ಡಲಾಗಿ ನಿಂತರೆ ಶಸ್ತ್ರಚಿಕಿತ್ಸೆಯೇ ಗತಿ. ಬೀಜ ತೆಗೆದ ತಿರುಳನ್ನಷ್ಟೇ ಕೊಡಿರಿ. ಹಿಪ್ಪುನೇರಳೆಯಾದರೆ ಆ ತಾಪತ್ರಯವಿಲ್ಲ. ಚೆನ್ನಾಗಿ ಹಣ್ಣಾಗಿರಬೇಕು, ಅಷ್ಟೇ. ಪ್ರಮಾಣವೆಷ್ಟು? ದಿನದ ಒಟ್ಟು ಆಹಾರದ ಶಕ್ತಿಯಲ್ಲಿ ಇಂತಹ ಚಪಲದ ತಿನಿಸುಗಳ ಪಾಲು ಶೇಕಡಾ ೧೦ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ಸಣ್ಣ ನಾಯಿಗೆ ಒಂದೆರಡು ಹಣ್ಣು, ದೊಡ್ಡದಕ್ಕೆ ನಾಲ್ಕೈದು, ಅದೂ ಎಂದಾದರೊಮ್ಮೆ. ಸಕ್ಕರೆ ಕಾಯಿಲೆಯಿರುವ ನಾಯಿಗಾದರೆ ವೈದ್ಯರನ್ನು ಕೇಳದೆ ಕೊಡಲೇಬೇಡಿ. ಹಣ್ಣಿನ ಜಾಮು ಹಣ್ಣಲ್ಲ. ಸಕ್ಕರೆರಹಿತವೆಂದು ಮಾರುವ ಕೆಲವು ಜಾಮುಗಳಲ್ಲಿ ಕ್ಸೈಲಿಟಾಲ್ ಎಂಬ ವಸ್ತು ಇರುತ್ತದೆ. ಅದು ನಾಯಿಗೆ ವಿಷ.

ಇನ್ನು ಮುಖ್ಯ ವಿಷಯ: ದ್ರಾಕ್ಷಿ. ಹಸಿಯಾಗಲಿ ಒಣಗಿದ್ದಾಗಲಿ, ಕಪ್ಪಾಗಲಿ ಹಸಿರಾಗಲಿ, ಬೀಜವಿರಲಿ ಇಲ್ಲದಿರಲಿ, ದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಒಂದೇ ಮನೆಯಲ್ಲಿ ಒಂದು ನಾಯಿ ಬಟ್ಟಲು ತುಂಬ ತಿಂದು ಜೀರ್ಣಿಸಿಕೊಂಡೀತು, ಇನ್ನೊಂದು ನಾಲ್ಕಾರು ತಿಂದು ಸತ್ತೀತು. ಆದ್ದರಿಂದ 'ನಮ್ಮ ನಾಯಿ ಹಲವು ಸಲ ತಿಂದಿದೆ, ಏನೂ ಆಗಿಲ್ಲ' ಎಂಬ ಮಾತು ಧೈರ್ಯಕ್ಕೆ ಆಧಾರವಾಗದು. ಅಮೆರಿಕದ ಪ್ರಾಣಿವಿಷ ಕೇಂದ್ರದ ವೈದ್ಯರು ಇದನ್ನು ತಮ್ಮ ವೃತ್ತಿಪತ್ರಿಕೆಯಲ್ಲಿ ಪ್ರಕಟಿಸಿದ್ದು ೨೦೦೧ರಲ್ಲಿ. ಕಾರಣವೇನೆಂಬುದು ಇಪ್ಪತ್ತು ವರ್ಷ ಹೊಳೆಯಲಿಲ್ಲ. ೨೦೨೧ರಲ್ಲಿ ಅದೇ ಕೇಂದ್ರದವರು ದ್ರಾಕ್ಷಿಯಲ್ಲಿರುವ ತಾರ್ಟಾರಿಕ್ ಆಮ್ಲದ ಕಡೆಗೆ ಬೊಟ್ಟುಮಾಡಿದರು. ಹಣ್ಣಿನ ತಳಿ, ಮಾಗಿದ ಹದ, ಬೆಳೆದ ನೆಲ, ಇವನ್ನು ಅನುಸರಿಸಿ ಈ ಆಮ್ಲದ ಪ್ರಮಾಣ ಏರುಪೇರಾಗುತ್ತದೆ. ಒಂದು ನಾಯಿ ಉಳಿದು ಇನ್ನೊಂದು ಸಾಯುವ ಒಗಟಿಗೆ ಇದರಿಂದ ಒಂದು ಉತ್ತರ ದೊರೆತಂತಾಯಿತು.

ಈ ಆಮ್ಲ ಧಾರಾಳವಾಗಿರುವ ಇನ್ನೊಂದು ಪದಾರ್ಥ ನಮ್ಮ ಎಲ್ಲ ಅಡುಗೆಮನೆಗಳಲ್ಲಿಯೂ ಇದೆ: ಹುಣಸೆಹಣ್ಣು. ಹುಣಸೆಯ ತಿರುಳನ್ನು ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿ ೨೦೨೨ರಲ್ಲಿ ಪ್ರಕಟವಾಗಿದೆ. ಆದಕಾರಣ ಹುಣಸೆ ಭರಣಿಯ ಬಾಯಿ ಭದ್ರವಾಗಿರಲಿ. ಅನ್ನದ ಮೇಲೆ ಗಸಿ ಸುರಿದು ನಾಯಿಗೆ ಇಕ್ಕುವ ಪದ್ಧತಿಯೂ ಒಳ್ಳೆಯದಲ್ಲ. ಅದರಲ್ಲಿ ಹುಣಸೆಯಲ್ಲದೆ ನಾಯಿಗೆ ಒಗ್ಗದ ನೀರುಳ್ಳಿ ಬೆಳ್ಳುಳ್ಳಿಗಳೂ ಇರುತ್ತವೆ.

ನಮ್ಮಲ್ಲಿ ದ್ರಾಕ್ಷಿ ಬಟ್ಟಲಿನಲ್ಲಿ ಮಾತ್ರ ಇರುವುದಿಲ್ಲ, ಅದೇ ತೊಡಕು. ಚೌತಿಯ ಪಾಯಸದಲ್ಲಿ ತುಪ್ಪದಲ್ಲಿ ಹುರಿದು ಹಾಕಿದ ಒಣದ್ರಾಕ್ಷಿ, ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದಲ್ಲಿ ಒಣದ್ರಾಕ್ಷಿ, ಕ್ರಿಸ್ಮಸ್ಸಿಗೆ ನಮ್ಮ ಕ್ರೈಸ್ತ ಬಂಧುಗಳು ಕುಸ್ವಾರಿನ ತಟ್ಟೆಯೊಡನೆ ಕಳಿಸುವ ಕೇಕಿನಲ್ಲಿಯೂ ಅದೇ. ಪ್ರಸಾದವನ್ನು ಯಾರಿಗೂ ಇಲ್ಲವೆನ್ನಬಾರದೆಂದು ನಾಯಿಗೂ ಒಂದು ತುತ್ತು ಕೊಡುವುದು ಎಷ್ಟು ಸಹಜ!

ಶಕ್ತಿನಗರದಲ್ಲಿ ನನಗೆ ಪರಿಚಿತರಾದ ಒಂದು ಮನೆಯಲ್ಲಿ, ಕೆಲವು ವರ್ಷಗಳ ಹಿಂದೆ, ಚೌತಿಯ ಮುನ್ನಾದಿನ ತಂದಿಟ್ಟ ಒಣದ್ರಾಕ್ಷಿಯ ಪೊಟ್ಟಣವನ್ನು ಮನೆಯ ಪುಟ್ಟ ಹುಡುಗಿ ಬಿಚ್ಚಿ, ತಾನೊಂದು ನಾಯಿಗೊಂದು ಎಂದು ಹಂಚಿಕೊಂಡು ತಿಂದಳು. ರಾತ್ರಿ ನಾಯಿ ವಾಂತಿ ಮಾಡಿತು. ಹಬ್ಬದ ಗಡಿಬಿಡಿ, ಅಜೀರ್ಣವೆಂದು ಮನೆಯವರು ಒಂದು ದಿನ ಉಪವಾಸ ಕೆಡವಿದರು. ಮೂರನೆಯ ದಿನ ಅದು ಏಳಲಿಲ್ಲ, ಮೂತ್ರ ನಿಂತಿತ್ತು. ವೈದ್ಯರು ಕೈಲಾದುದನ್ನೆಲ್ಲ ಮಾಡಿದರೂ ಕಾಲ ಮಿಂಚಿತ್ತು. ಆ ಹುಡುಗಿಗೆ ಕಾರಣವನ್ನು ಇಂದಿಗೂ ಯಾರೂ ಹೇಳಿಲ್ಲ. ಹೇಳದಿರುವುದೇ ಸರಿಯೆಂದು ನನಗೂ ತೋರುತ್ತದೆ. ಆದರೆ ಬೇರೆ ಮಕ್ಕಳಿಗೆ ಮುಂಚಿತವಾಗಿ ಹೇಳಬಹುದಲ್ಲ!

ಹಿತ್ತಿಲಿನ ಹಣ್ಣುಗಳ ವಿಷಯವನ್ನೂ ಒಂದಿಷ್ಟು ಹೇಳಬೇಕು. ಮನುಷ್ಯರ ಮಕ್ಕಳು ತಿಂದುದೆಲ್ಲ ನಾಯಿಗೆ ಹಿತವೆಂಬ ತರ್ಕ ನಿಲ್ಲದೆಂಬುದಕ್ಕೆ ದ್ರಾಕ್ಷಿಯೇ ಸಾಕ್ಷಿ. ಗಣಿಕೆಯ ಹಸಿರು ಕಾಯಿ, ಲಂಟಾನದ ಕಾಯಿ, ಇವೆರಡೂ ವಿಷ. ಎಲ್ಲಕ್ಕಿಂತ ಘೋರವಾದುದು ಕಾಸರಕ. ಕಿತ್ತಳೆಯ ಬಣ್ಣದ ಆ ಚೆಲುವಾದ ಹಣ್ಣು ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಉದುರಿ ಬಿದ್ದಿರುತ್ತದೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್. ಕಾಸರಗೋಡಿಗೆ ಆ ಹೆಸರು ಬಂದುದು ಈ ಮರದಿಂದಲೇ ಎನ್ನುವವರಿದ್ದಾರೆ. ನಾಯಿಯನ್ನು ಗುಡ್ಡಕ್ಕೆ ತಿರುಗಾಡಲು ಒಯ್ಯುವವರು ಆ ಮರವನ್ನು ಗುರುತಿಸಲು ಕಲಿಯಬೇಕು.

ನಾಯಿ ದ್ರಾಕ್ಷಿ ತಿಂದುದು ಕಂಡರೆ ಲಕ್ಷಣಗಳಿಗಾಗಿ ಕಾಯಬೇಡಿ. ವಾಂತಿ, ಮಂಕು, ಊಟ ಬಿಡುವುದು ಮೊದಲ ದಿನವೇ ತೋರಬಹುದು. ಮೂತ್ರಪಿಂಡ ಕೆಡುವುದು ಒಂದರಿಂದ ಮೂರು ದಿನಗಳಲ್ಲಿ. ಇದಕ್ಕೆ ಪ್ರತಿವಿಷವಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ವೈದ್ಯರು ವಾಂತಿ ಮಾಡಿಸಿ, ಎರಡು ದಿನ ರಕ್ತನಾಳಕ್ಕೆ ದ್ರವ ಹರಿಸಿದರೆ ಬದುಕುವ ಸಂಭವ ಚೆನ್ನಾಗಿದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಮದ್ದು ಬೇಡವೇ ಬೇಡ. ಉಪ್ಪು ಹೆಚ್ಚಾಗಿ ಅದರಿಂದಲೇ ನಾಯಿ ಸತ್ತೀತು. ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟಿನವರ ಪ್ರಾಣಿಗಳ ಆಶ್ರಯವಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದಿರಲಿ, ನಿಮ್ಮ ಮನೆಗೆ ಹತ್ತಿರದ ಪಶುವೈದ್ಯರು ಯಾರು, ರಾತ್ರಿಯಲ್ಲಿ ಅವರು ಸಿಗುವರೇ ಎಂಬುದನ್ನು ಹಬ್ಬಕ್ಕೆ ಮೊದಲೇ ವಿಚಾರಿಸಿ, ಅವರ ದೂರವಾಣಿಯ ಸಂಖ್ಯೆಯನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಬರೆದಿಡಿ. ಕರೆ ಮಾಡಿದಾಗ ಅವರು ಕೇಳುವುದು ನಾಯಿಯ ತೂಕ, ತಿಂದುದೆಷ್ಟು, ತಿಂದು ಎಷ್ಟು ಹೊತ್ತಾಯಿತು ಎಂಬುದನ್ನು. ಪೊಟ್ಟಣ ಉಳಿದಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.