ಹಿಂದೆ ನಿಂತು ಆಡಿದವರು
(ನರಿಕೊಂಬಿನಲ್ಲಿ ಯುವಕರು ಮತ್ತು ಹೆತ್ತವರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ಕೊಯ್ಲು ಮುಗಿದ ಗದ್ದೆಯಲ್ಲಿ ಈಗಷ್ಟೇ ಆಟ ನಿಲ್ಲಿಸಿ, ಕಾಲಿನ ಧೂಳನ್ನೂ ತೊಳೆಯದೆ ಬಂದು ಕುಳಿತಿರುವ ಯುವಮಿತ್ರರೇ,

ನೇತ್ರಾವತಿಯ ಮಗ್ಗುಲಿನ ಈ ಊರಿಗೆ ಬಂದು ಫುಟ್ಬಾಲಿನ ಬಗ್ಗೆ ಮಾತನಾಡಬೇಕೆಂದಾಗ ನಮಗೆ ತುಸು ಅಚ್ಚರಿಯಾಯಿತು. ನಮ್ಮಂಥ ಪತ್ರಕರ್ತರನ್ನು ಜನರು ಚುನಾವಣೆ, ವರದಕ್ಷಿಣೆ, ಮೀಸಲಾತಿಗಳ ಬಗ್ಗೆ ಮಾತನಾಡಲು ಕರೆಯುವುದೇ ಹೆಚ್ಚು. ಆದರೆ ನಾವೂ ಇಂಥ ಗದ್ದೆಗಳಲ್ಲೇ ಆಡಿ ಬೆಳೆದವರು. ಮದ್ರಸದ ಪಾಠ ಮುಗಿಸಿ ಮಗ್ರಿಬ್‌ನ ಬಾಂಗ್ ಕೇಳುವವರೆಗೆ ಆಟ. ಗೋಲು ಹೊಡೆಯಲು ಬಾರದ ಹುಡುಗನನ್ನು ಹಿಂದೆ ನಿಲ್ಲಿಸುವುದು ವಾಡಿಕೆಯಷ್ಟೆ. ನಮ್ಮನ್ನೂ ಹಾಗೆಯೇ ನಿಲ್ಲಿಸಿದ್ದರು. ಗೆದ್ದ ದಿನ ನಾವು ಆಡಿದ್ದೇವೆಂಬುದೇ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸೋತ ದಿನ ಮಾತ್ರ ಎಲ್ಲರ ಬಾಯಲ್ಲೂ ನಮ್ಮದೇ ಹೆಸರು. ಆ ಕಾರಣದಿಂದಲೋ ಏನೋ, ಇಂದು ಒಬ್ಬ ಡಿಫೆಂಡರ್‌ನ ಕಥೆಯನ್ನೇ ಹೇಳಬೇಕೆನಿಸಿತು.

ಅವರ ಹೆಸರು ಸಯ್ಯದ್ ನಯೀಮುದ್ದೀನ್. 1944ರಲ್ಲಿ ಹೈದರಾಬಾದ್‌ನಲ್ಲಿ ಜನಿಸಿದರು. ಇಲ್ಲಿರುವ ಹುಡುಗರಿಗೆ ಯುರೋಪಿನ ಕ್ಲಬ್ಬುಗಳ ಹನ್ನೊಂದು ಮಂದಿಯ ಹೆಸರೂ ಕಂಠಪಾಠವಿದೆ. ಈ ಹೆಸರನ್ನು ಕೇಳಿದವರು ಎಷ್ಟು ಮಂದಿ? ಕೈ ಎತ್ತಬೇಕಾಗಿಲ್ಲ, ಮುಖ ನೋಡಿದರೆ ತಿಳಿಯುತ್ತದೆ.

ಹೈದರಾಬಾದ್ ಎಂದ ಕೂಡಲೇ ಸಯ್ಯದ್ ಅಬ್ದುಲ್ ರಹೀಮರನ್ನು ನೆನೆಯದೆ ಮುಂದೆ ಹೋಗಲಾಗದು. ಅವರು ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡವು ಅವರ ಕೈಕೆಳಗೆ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರೆಂಬುದನ್ನು ಕನ್ನಡಿಗರಾದ ನಾವು ಮರೆತೇ ಬಿಟ್ಟಿದ್ದೇವೆ. ಜಕಾರ್ತದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದಾಗ ಎರಡು ಗೋಲುಗಳಲ್ಲಿ ಒಂದನ್ನು ಹೊಡೆದವರು ಜರ್ನೈಲ್ ಸಿಂಗ್. ಅವರೂ ಮೂಲತಃ ಡಿಫೆಂಡರ್. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅವರನ್ನು ರಹೀಮರು ಮುಂದಿನ ಸಾಲಿನಲ್ಲಿ ಆಡಿಸಿದರು. ಮರು ವರ್ಷ ರಹೀಮರು ಕ್ಯಾನ್ಸರ್‌ನಿಂದ ತೀರಿಕೊಂಡರು. 2024ರಲ್ಲಿ ಅವರ ಕುರಿತು ಹಿಂದಿ ಚಿತ್ರ ಬಂದ ಮೇಲೆಯೇ ಹಲವರಿಗೆ ಅವರ ಹೆಸರು ತಿಳಿದದ್ದು. ಅರುವತ್ತು ವರ್ಷ ತಡವಾಗಿ.

ನಯೀಮುದ್ದೀನ್ ಆ ನಗರದ ಫಲ. ಕಲ್ಕತ್ತಾಕ್ಕೆ ಹೋಗಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಈ ಮೂರೂ ತಂಡಗಳಿಗೆ ಆಡಿದರು. 1970ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ಭಾರತ ತಂಡದ ನಾಯಕರು ಅವರೇ. ಕಂಚಿನ ಪದಕದ ಪಂದ್ಯದಲ್ಲಿ ಎದುರಾಳಿ ಜಪಾನ್. ಎರಡು ವರ್ಷಗಳ ಹಿಂದೆಯಷ್ಟೇ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ಜಪಾನ್! ಭಾರತ 1-0ರಿಂದ ಗೆದ್ದಿತು. ಒಂದೇ ಒಂದು ಗೋಲು. ಅಂಥ ಪಂದ್ಯವನ್ನು ಗೋಲು ಹೊಡೆದವನು ಗೆಲ್ಲಿಸಿದನೋ, ಗೋಲು ಬಿಟ್ಟುಕೊಡದವರು ಗೆಲ್ಲಿಸಿದರೋ? ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಅಂದಿನಿಂದ 2023ರಲ್ಲಿ ನಡೆದ ಹಾಂಗ್‌ಝೌ ಕೂಟದವರೆಗೂ ಪುರುಷರ ಫುಟ್ಬಾಲಿನಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಇನ್ನೊಂದು ಪದಕ ಬರಲಿಲ್ಲ.

ಆಟ ನಿಲ್ಲಿಸಿದ ಮೇಲೆ ಅವರು ತರಬೇತುದಾರರಾದರು. 1990ರಲ್ಲಿ ಈಸ್ಟ್ ಬೆಂಗಾಲ್ ಅವರ ಕೈಯಲ್ಲಿ ಐಎಫ್‌ಎ ಶೀಲ್ಡ್, ಡುರಾಂಡ್, ರೋವರ್ಸ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು. ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಮೊದಲ ಫುಟ್ಬಾಲ್ ತರಬೇತುದಾರರು ಅವರೇ. ಶಿಸ್ತಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂಬ ಹೆಸರಿತ್ತು, ಆಟಗಾರರಿಗೆ ಅದು ಯಾವಾಗಲೂ ರುಚಿಸುತ್ತಿತ್ತೆಂದು ಹೇಳಲಾಗದು. 1997ರಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯಾ ಕಪ್ ಫೈನಲ್‌ನಲ್ಲಿ ಮಾಲ್ದೀವ್ಸನ್ನು 5-1ರಿಂದ ಸೋಲಿಸಿದ ಭಾರತ ತಂಡಕ್ಕೆ ಅವರೇ ತರಬೇತುದಾರರು. 2005ರ ಡಿಸೆಂಬರ್‌ನಲ್ಲಿ ಅದೇ ಕಪ್ಪನ್ನು ಕರಾಚಿಯಲ್ಲಿ ಬಾಂಗ್ಲಾದೇಶದ ವಿರುದ್ಧ 2-0ರಿಂದ ಮತ್ತೆ ಗೆದ್ದರು. ಸಯ್ಯದ್ ಎಂಬ ಹೆಸರಿನವರೊಬ್ಬರು ಭಾರತದ ತಂಡವನ್ನು ಕರಾಚಿಗೆ ಕರೆದೊಯ್ದು ಕಪ್ ಹಿಡಿದುಕೊಂಡು ಮರಳಿದರು. ನಮ್ಮ ದೇಶನಿಷ್ಠೆಗೆ ದಿನಕ್ಕೊಂದು ಪ್ರಮಾಣಪತ್ರ ಕೇಳುವವರು ಈ ಸುದ್ದಿಯನ್ನು ಓದಿದಂತಿಲ್ಲ. ಇರಲಿ.

ಎರಡೇ ತಿಂಗಳು. 2006ರ ಫೆಬ್ರವರಿ 22ರಂದು ಯೊಕೊಹಾಮಾದಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯ. ಎದುರಾಳಿ ಅದೇ ಜಪಾನ್. ಫಲಿತಾಂಶ 6-0. ಮರುವಾರ ದೆಹಲಿಯಲ್ಲಿ ಯೆಮನ್ ವಿರುದ್ಧ 3-0ರ ಸೋಲು. ಅದೇ ವರ್ಷ ಅವರು ಹುದ್ದೆ ಕಳೆದುಕೊಂಡರು, ಇಂಗ್ಲೆಂಡಿನ ಬಾಬ್ ಹೌಟನ್ ಬಂದರು.

ಮಿತ್ರರೇ, ನಾವು ಈ ಕಥೆಯನ್ನು ಆರಿಸಿಕೊಂಡದ್ದು ಆ 6-0ರ ಸಲುವಾಗಿಯೇ. ನಾಯಕನಾಗಿ ಜಪಾನನ್ನು ಸೋಲಿಸಿದ ವ್ಯಕ್ತಿಯೇ ಮೂವತ್ತೈದು ವರ್ಷಗಳ ಬಳಿಕ ತರಬೇತುದಾರನಾಗಿ ಅದರೆದುರು ಆರು ಗೋಲುಗಳನ್ನು ನೋಡುತ್ತಾ ಕುಳಿತುಕೊಳ್ಳಬೇಕಾಯಿತು. ಆತ ಆಟ ಮರೆತನೇ? ಈ ನಡುವೆ ಜಪಾನ್ 1993ರಲ್ಲಿ ವೃತ್ತಿಪರ ಲೀಗ್ ಕಟ್ಟಿತು, 1998ರಲ್ಲಿ ವಿಶ್ವಕಪ್ ತಲುಪಿತು, 2002ರಲ್ಲಿ ವಿಶ್ವಕಪ್ಪನ್ನೇ ತನ್ನ ನೆಲಕ್ಕೆ ತಂದಿತು, 2000 ಮತ್ತು 2004ರಲ್ಲಿ ಏಷ್ಯಾದ ಚಾಂಪಿಯನ್ ಆಯಿತು. ನಾವು ರಾಷ್ಟ್ರೀಯ ಲೀಗ್ ಎಂಬುದನ್ನು ಆರಂಭಿಸಿದ್ದೇ 1996ರಲ್ಲಿ. ಆ ಅಂತರವು ಎರಡು ತಿಂಗಳಲ್ಲಿ ಒಬ್ಬ ನಯೀಮುದ್ದೀನರಿಂದ ಹುಟ್ಟಿದ್ದಲ್ಲ. ಆದರೆ ಹುದ್ದೆ ಹೋದದ್ದು ಅವರದೇ.

ಸಮುದಾಯದೊಳಗೂ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೇ? ಹತ್ತನೆಯ ತರಗತಿಯ ಫಲಿತಾಂಶ ಕೆಟ್ಟರೆ ಮುಖ್ಯೋಪಾಧ್ಯಾಯರನ್ನು ದೂರುತ್ತೇವೆ. ಮೂರನೆಯ ತರಗತಿಯಲ್ಲಿ ಆ ಮಗು ಓದಲು ಬಾರದೆ ಕುಳಿತಿದ್ದಾಗ ನಾವೆಲ್ಲಿದ್ದೆವು? ಹೈದರಾಬಾದ್ ಒಂದು ಕಾಲದಲ್ಲಿ ಅಷ್ಟು ಆಟಗಾರರನ್ನು ಕೊಟ್ಟದ್ದು ಅಲ್ಲಿನ ನೀರಿನ ಗುಣದಿಂದಲ್ಲ. ಸಂಜೆ ಮೈದಾನಕ್ಕೆ ಬರುವ ಒಬ್ಬ ಶಿಕ್ಷಕ, ಹುಡುಗರಿಗೆ ಉದ್ಯೋಗ ಕೊಡುವ ಒಂದು ಪೊಲೀಸ್ ತಂಡ, ಆಡಲು ನೆಲ. ಇವಿಷ್ಟೂ ಒಟ್ಟಿಗೆ ಇದ್ದುವು. ನಮ್ಮ ಪೇಟೆಗಳಲ್ಲಿ ಮದುವೆ ಸಭಾಂಗಣಗಳು ಏಳುತ್ತಿವೆ, ಒಳ್ಳೆಯದು. ಅವುಗಳ ಹಿಂದೆ ಒಂದು ಗೋಲುಕಂಬ ನೆಡುವಷ್ಟು ಜಾಗ ಉಳಿದಿದೆಯೇ ಎಂದು ಕೇಳಿದರೆ ಪಾರ್ಕಿಂಗ್ ಎಂಬ ಉತ್ತರ ಸಿಗುತ್ತದೆ.

ಇನ್ನು, ಆಟದಿಂದ ಮಕ್ಕಳು ಹಾಳಾಗುತ್ತಾರೆಂಬ ಹೆತ್ತವರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಬಾಜಿ ಕಟ್ಟುವ ಪಂದ್ಯಾಟ, ಮಧ್ಯರಾತ್ರಿಯವರೆಗಿನ ಹೊನಲು ಬೆಳಕು, ಕೊನೆಗೊಂದು ಹೊಡೆದಾಟ, ಇವನ್ನೆಲ್ಲ ನಾವೂ ಕಂಡಿದ್ದೇವೆ. ಆ ಭಯವಿರುವವರು ಸಂಜೆ ಅರ್ಧ ಗಂಟೆ ಗದ್ದೆಯ ಹುಣಿಯ ಮೇಲೆ ಬಂದು ನಿಲ್ಲಲಿ. ತಂದೆ ನೋಡುತ್ತಿದ್ದರೆ ಮಗ ಕೆಟ್ಟ ಮಾತು ಆಡುವುದಿಲ್ಲ, ಬಾಜಿಯನ್ನೂ ಕಟ್ಟುವುದಿಲ್ಲ.

ನಯೀಮುದ್ದೀನರ ಕಥೆಯಲ್ಲಿ ಒಂದು ಮಾತು ಉಳಿದಿದೆ. ಭಾರತದಲ್ಲಿ ಹುದ್ದೆ ಕಳೆದುಕೊಂಡ ಮೇಲೆ ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. 2007ರಲ್ಲಿ ಇನ್ನೊಂದು ದೇಶದ ರಾಷ್ಟ್ರೀಯ ತಂಡದ ತರಬೇತುದಾರರಾದರು. ಕರಾಚಿಯ ಫೈನಲ್‌ನಲ್ಲಿ ಅವರಿಂದಲೇ ಸೋತಿದ್ದ ಬಾಂಗ್ಲಾದೇಶದ ತಂಡವದು.

ಬಾಂಗ್‌ಗೆ ಸಮಯವಾಗುತ್ತಿದೆ. ನಾಳೆ ಆಟವಿದ್ದರೆ ನಮಗೂ ತಿಳಿಸಿ, ಹಿಂದೆ ನಿಲ್ಲಲು ಜನ ಕಡಿಮೆಯಿದ್ದರೆ ಬರುತ್ತೇವೆ.