ಮುಚ್ಚಿದ ಅಂಗೈ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

‘ಕಾಯಕ ಮತ್ತು ವೃದ್ಧಾಪ್ಯ’ ಎಂಬ ವಿಷಯ ಕೊಟ್ಟು ಪೂಜ್ಯರು ನನ್ನನ್ನು ಕರೆಸಿದ್ದಾರೆ. ನಾನು ವಚನಗಳ ಪಂಡಿತಳಲ್ಲ, ಪ್ರವಚನ ಮಾಡಿ ರೂಢಿಯೂ ಇಲ್ಲ. ಫಿಜಿಯೋಥೆರಪಿಸ್ಟ್. ಇಪ್ಪತ್ತಾರು ವರ್ಷದಿಂದ ಧಾರವಾಡ ಸೀಮೆಯಲ್ಲಿ ವಯಸ್ಸಾದವರನ್ನು ಎಬ್ಬಿಸುವುದು, ನಿಲ್ಲಿಸುವುದು, ನಡೆಸುವುದು, ಇದೇ ನನ್ನ ಕೆಲಸ. ಹಳ್ಳಿಗಳಲ್ಲಿ ನಮ್ಮನ್ನು ‘ಕರೆಂಟ್ ಕೊಡೋ ಡಾಕ್ಟ್ರು’ ಅನ್ನುತ್ತಾರೆ. ಕೆಲವರು ‘ಮಾಲೀಶಿನವರು’ ಅಂತಲೂ ಅನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ ಬಿಡಿ. ನನಗೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಅದರ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳುವುದಿದೆ. ಅನುಭವ ಮಂಟಪದ ಹೆಸರು ಹೇಳುವ ಇಂಥ ಸಭೆಯಲ್ಲಿ ಹೇಳದೆ ಮತ್ತೆಲ್ಲಿ ಹೇಳಲಿ?

ನಮ್ಮ ಮನೆಗಳಲ್ಲಿ ಹಿರಿಯರ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಇದೆ. ಆ ಪ್ರೀತಿಯೇ ಅವರನ್ನು ಮಲಗಿಸುತ್ತಿದೆ. ಅಪ್ಪ ಒಮ್ಮೆ ಬಚ್ಚಲಲ್ಲಿ ಜಾರಿದರೆ ಸಾಕು, “ನೀವು ಏಳಬ್ಯಾಡ್ರಿ, ಎಲ್ಲಾ ಇಲ್ಲೇ ತಂದ ಕೊಡತೇವಿ” ಅನ್ನುತ್ತೇವೆ. ಊಟ ಮಂಚಕ್ಕೆ, ನೀರು ಮಂಚಕ್ಕೆ, ಟಿವಿ ರಿಮೋಟ್ ಕೈಗೆ. ಮೂರು ತಿಂಗಳಾದ ಮೇಲೆ “ಯಾಕೋ ಅಪ್ಪಗ ನಿಲ್ಲಾಕ ಬರವಲ್ದು” ಎಂದು ನಮ್ಮ ಹತ್ತಿರ ಬರುತ್ತಾರೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದರು. ಅಷ್ಟರಲ್ಲೇ ಕಾಲುಗಳಿಂದ ಸರಾಸರಿ ಒಂದು ಕಿಲೋದ ಹತ್ತಿರ ಮಾಂಸಖಂಡ ಕರಗಿಹೋಗಿತ್ತು. ಇನ್ನು ಮೂರು ತಿಂಗಳು ಮಲಗಿದವರ ಲೆಕ್ಕ ನೀವೇ ಹಾಕಿ.

ಇದರ ಇನ್ನೊಂದು ಬದಿಯೂ ಇದೆ. 1990ರಲ್ಲಿ ಪ್ರಕಟವಾದ ಬೋಸ್ಟನ್ನಿನ ಅಧ್ಯಯನವೊಂದರಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 86ರಿಂದ 96 ವರ್ಷದ ಹತ್ತು ಜನರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರ ಸ್ನಾಯುವಿಗೂ ಕೆಲಸ ಕೊಟ್ಟರೆ ಅದು ಬೆಳೆಯುತ್ತದೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಆಯ್ದಕ್ಕಿ ಮಾರಯ್ಯನವರು ಅಕ್ಕಿ ಆಯ್ದರು. ಅವರಲ್ಲಿ ಯಾರಾದರೂ ಅರವತ್ತಕ್ಕೆ ನಿವೃತ್ತರಾದರು ಎಂದು ನಾನಂತೂ ಕೇಳಿಲ್ಲ.

ಒಂದು ಸಣ್ಣ ವಿಷಯ. ಇಲ್ಲಿಂದ ನೋಡಿದರೆ ಈ ಸಭೆಯಲ್ಲಿ ಏಳೆಂಟು ಕೋಲು ಕಾಣುತ್ತಿವೆ. ಅದರಲ್ಲಿ ಐದಾದರೂ ತಪ್ಪು ಕೈಯಲ್ಲಿವೆ! ಎಡ ಮೊಣಕಾಲು ನೋಯುತ್ತಿದ್ದರೆ ಕೋಲು ಬಲಗೈಯಲ್ಲಿರಬೇಕು. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಈ ಮಠದ ಮಹಾದ್ವಾರದ ಹನ್ನೊಂದು ಮೆಟ್ಟಿಲಿಗೆ ಹಿಡಿಯಲು ಕಂಬಿ ಇಲ್ಲ. ಪೂಜ್ಯರು ಕ್ಷಮಿಸಬೇಕು, 80ರಿಂದ 90 ಸೆಂಟಿಮೀಟರ್ ಎತ್ತರದಲ್ಲಿ ಎರಡೂ ಬದಿಗೆ ಒಂದೊಂದು ಕಂಬಿ ಬೇಕು.

ಇನ್ನು ಹೊಸಬರಿಗೆ ಕೆಲಸ ಕಲಿಸುವ ಮಾತು. ನಾಲ್ಕು ವರ್ಷ ಓದಿ ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು ನನ್ನ ಜೊತೆ ಮನೆಮನೆಗೆ ಬರುತ್ತಾರೆ. ಸ್ನಾಯುಗಳ ಹೆಸರು ನನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ಆದರೆ ಅಜ್ಜಿಯ ಎದುರೇ ನಿಂತು ಮಗನನ್ನು “ಅಜ್ಜಿಗೆ ಎಲ್ಲಿ ನೋವು?” ಎಂದು ಕೇಳುತ್ತಾರೆ. ಅಜ್ಜಿಗೆ ಬಾಯಿಲ್ಲವೇ? ಅದಕ್ಕೆ ಮೊದಲ ವಾರ ನಾನು ಕಲಿಸುವುದು ಎರಡೇ. ಹಿರಿಯರ ಕಣ್ಣಿಗಿಂತ ಕೆಳಗೆ ಕೂಡಬೇಕು, ಸ್ಟೂಲ್ ಇಲ್ಲದಿದ್ದರೆ ನೆಲದ ಮೇಲೆ. ಆಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ನೋವಿನದಲ್ಲ. “ಇದು ಆಗೋ ಹಿಂದಿನ ದಿನದ ತನಕ ನೀವು ಏನೇನು ಮಾಡತಿದ್ರಿ?” ರೊಟ್ಟಿ ಬಡಿಯುತ್ತಿದ್ದೆ, ಎಮ್ಮೆಗೆ ಮೇವು ಹಾಕುತ್ತಿದ್ದೆ, ಗುಡಿ ಕಟ್ಟೆಗೆ ಹೋಗಿ ಪೇಪರ್ ಓದುತ್ತಿದ್ದೆ, ಹೀಗೆ ಏನಾದರೂ ಬರುತ್ತದೆ. ನಮ್ಮ ಚಿಕಿತ್ಸೆ ಅಲ್ಲಿಂದ ಶುರು.

ನಾಲ್ಕು ವರ್ಷದ ಹಿಂದೆ ಒಬ್ಬ ನಿವೃತ್ತ ಮಾಸ್ತರರ ಮನೆಗೆ ಹೋಗುತ್ತಿದ್ದೆ. ಎಡಗಡೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಎಡಗೈ ಎಡಗಾಲು ಬೀಳುವುದಷ್ಟೇ ಅಲ್ಲ, ಕೆಲವರಿಗೆ ಎಡಗಡೆ ಎಂಬುದೇ ಮರೆತುಹೋಗುತ್ತದೆ. ಕಣ್ಣು ಕಾಣದೆ ಅಲ್ಲ, ಗಮನವೇ ಅತ್ತ ಹೋಗುವುದಿಲ್ಲ. ಮಾಸ್ತರರ ತಟ್ಟೆಯಲ್ಲಿ ಎಡಗಡೆಯ ಪಲ್ಯ ಹಾಗೇ ಉಳಿಯುತ್ತಿತ್ತು. ವಿಭೂತಿ ಹಚ್ಚಿಕೊಂಡರೆ ಹಣೆಯ ಬಲ ಅರ್ಧಕ್ಕೆ ಮಾತ್ರ. ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿತ್ತು.

ಆ ತಿಂಗಳು ನನ್ನ ಜೊತೆ ಬರುತ್ತಿದ್ದವಳು ಒಬ್ಬ ಹುಡುಗಿ. ಕಲಿಸಿದ ಹಾಗೆ ನೆಲದ ಮೇಲೆ ಕೂತು ಅದೇ ಪ್ರಶ್ನೆ ಕೇಳಿದಳು. ಮಾಸ್ತರರಿಗೆ ಮಾತು ತೊದಲುತ್ತಿತ್ತು. ಬಲಗೈಯಿಂದ ಎದೆಯ ಮೇಲಿನ ಕರಡಿಗೆ ಮುಟ್ಟಿ, ಆಮೇಲೆ ಮುಷ್ಟಿಗಟ್ಟಿದ ಎಡಗೈ ತೋರಿಸಿದರು. ಕಣ್ಣಲ್ಲಿ ನೀರು ಬಂತು. ಐದು ತಿಂಗಳಿಂದ ಲಿಂಗಪೂಜೆ ಇಲ್ಲ! ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ, ಆ ಅಂಗೈಯೇ ಮುಚ್ಚಿಹೋಗಿದೆ. ಬಲಗೈಯಲ್ಲಿ ಇಟ್ಟುಕೊಂಡರೆ ನಡೆಯುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಅಷ್ಟು ದಿನ ಹೋಗಿದ್ದರೂ ನಾನು ಇದನ್ನು ಕೇಳಿರಲಿಲ್ಲ. ಅವರ ಕಾಲಿನ ಮೇಲೇ ನನ್ನ ಗಮನವಿತ್ತು.

ಲಕ್ವದ ಕೈಯಿಂದ ಈ ಕೆಲಸ ಮಾಡಿಸುವುದು ಎಷ್ಟು ಕಷ್ಟ ಎಂದು ಸ್ವಲ್ಪ ಹೇಳುತ್ತೇನೆ. ಅಂಥ ಕೈ ಮೊಣಕೈಯಲ್ಲಿ ಮಡಚಿ, ಅಂಗೈ ಕೆಳಮುಖವಾಗಿ ತಿರುಗಿ, ಬೆರಳು ಬಿಗಿದುಕೊಳ್ಳುತ್ತದೆ. ಲಿಂಗ ಹಿಡಿಯಲು ಬೇಕಾದದ್ದು ಅದರ ಉಲ್ಟಾ: ಅಂಗೈ ಮೇಲ್ಮುಖ, ಬೆರಳು ಸಡಿಲ, ಭುಜ ಸ್ವಲ್ಪ ಮುಂದೆ. ಬೆರಳ ತುದಿ ಹಿಡಿದು ಎಳೆದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ಮನೆಯವರು ಮಾಡುವ ತಪ್ಪು ಇದೇ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಬೇಕು, ಹೆಬ್ಬೆರಳನ್ನು ಅದರ ಬುಡದಲ್ಲಿ ಹಿಡಿದು ನಿಧಾನಕ್ಕೆ ಹೊರಗೆ ತರಬೇಕು, ಹಾಗೇ ಅರ್ಧ ನಿಮಿಷ, ಒಂದು ನಿಮಿಷ ಕಾಯಬೇಕು. ಬೆರಳು ತಾವಾಗಿಯೇ ಸಡಿಲುತ್ತವೆ. ಆಮೇಲೆ ಮಣಿಕಟ್ಟು ನೆಟ್ಟಗೆ ಮಾಡುವುದು, ಅಂಗೈಯನ್ನು ಮಂಚದ ಮೇಲೆ ಊರಿ ಭಾರ ಬಿಡುವುದು. ದಿನವೂ ಇದೇ. ಹುಡುಗಿ ಯಾವಾಗಲೂ ಅವರ ಎಡಗಡೆಗೇ ಕೂಡುತ್ತಿದ್ದಳು, ತಟ್ಟೆ, ನೀರು, ವಿಭೂತಿಗಟ್ಟಿ ಎಲ್ಲವನ್ನೂ ಎಡಗಡೆಗೇ ಇಡಿಸಿದಳು. ಟೇಬಲ್ಲಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಅವರ ಮುಂಗೈ, ಅಂಗೈಯಲ್ಲಿ ಒಂದು ನಿಂಬೆಹಣ್ಣು. ಅದು ಉರುಳಿ ಬೀಳುತ್ತಿತ್ತು, ಹಿಡಿಯಲು ಅವಳ ಕೈ ಕೆಳಗೇ ಇರುತ್ತಿತ್ತು. ಎರಡನೇ ವಾರ ನಿಂಬೆಹಣ್ಣು ಹತ್ತು ಎಣಿಸುವ ತನಕ ನಿಂತಿತು. ಮಾಸ್ತರರು ಐದು ತಿಂಗಳಲ್ಲಿ ಮೊದಲ ಸಲ ನಕ್ಕರು.

ಅವತ್ತೇ ಅವರ ಮನೆಯವರು ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದರು.

“ಮೇಡಂ, ಆ ಹುಡುಗಿ ಯಾರ ಪೈಕಿರೀ?”

ನಾನು ಸುಮ್ಮನಿದ್ದೆ.

“ನಮಗೇನಿಲ್ರಿ. ನಾಳೆ ಲಿಂಗ ಮುಟ್ಟೋದು ಬರತೈತಿ, ಬೀಗರು ಮಂದಿ ಬಂದು ಹೋಗತಾರ. ಬ್ಯಾರೆ ಯಾರನ್ನಾರ ಕಳಸ್ರಿ.”

ಆಗ ನೆನಪಾಯಿತು. ಆ ಮನೆಯಲ್ಲಿ ನನಗೆ ಸ್ಟೀಲ್ ಲೋಟದಲ್ಲಿ ಚಹಾ ಬರುತ್ತಿತ್ತು, ಅವಳಿಗೆ ಪೇಪರ್ ಕಪ್ಪಿನಲ್ಲಿ. ಎರಡು ವಾರ ನೋಡಿಯೂ ನೋಡದವಳಂತಿದ್ದೆ.

ಮರುದಿನ ನಾನು ಅವಳನ್ನು ಬದಲಾಯಿಸಿದೆ. “ಡ್ಯೂಟಿ ರೊಟೇಶನ್” ಎಂದೆ. ನಮ್ಮ ಪೈಕಿಯವನೇ ಒಬ್ಬ ಹುಡುಗನನ್ನು ಹಾಕಿದೆ. ಇದೇ ನನ್ನ ತಪ್ಪು ಶರಣರೇ. ಆ ತಾಯಿ ಕೇಳಿದ್ದು ಒಂದು ಮಾತು. ಅದನ್ನು ನಡೆಸಿಕೊಟ್ಟವಳು ನಾನು. ರೋಗಿಯ ಮನೆಯಲ್ಲಿ ಗದ್ದಲ ಬೇಡ, ಅವರಿಗೆ ಗುಣವಾದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾಸ್ತರರು ಯಾರು ಗೊತ್ತೇ? ಎಷ್ಟೋ ಬಸವ ಜಯಂತಿಗಳಲ್ಲಿ ಹರಳಯ್ಯ, ಮಧುವರಸರ ಮನೆಗಳ ಮದುವೆಯ ಬಗ್ಗೆ, ಅದಕ್ಕಾಗಿ ಅವರು ತೆತ್ತ ಬೆಲೆಯ ಬಗ್ಗೆ ಮಾತಾಡಿದವರು. ನಾನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವಳೇ.

ಹೊಸ ಹುಡುಗನ ಕೆಲಸದಲ್ಲಿ ತಪ್ಪಿರಲಿಲ್ಲ. ಆದರೆ ಮಾಸ್ತರರು ಮನಸ್ಸು ತೆಗೆದುಬಿಟ್ಟರು. ವಾರದಲ್ಲಿ ಮುಷ್ಟಿ ಮತ್ತೆ ಬಿಗಿಯಿತು. ಒಂದು ದಿನ ನನ್ನನ್ನೇ ಕೇಳಿದರು, “ಆ ಹುಡುಗಿ ಯಾಕ ಬರವಲ್ಲಳು?” ಡ್ಯೂಟಿ ಬದಲಾಗಿದೆ ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿ, ಒಂದೊಂದೇ ಅಕ್ಷರ ಜೋಡಿಸಿ, “ಖರೇ ಹೇಳ್ರಿ” ಎಂದರು. ಹೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೂರನೇ ದಿನ ಮನೆಯಿಂದ ಫೋನ್ ಬಂತು, ಆ ಹುಡುಗಿಯನ್ನು ಕರೆದುಕೊಂಡು ಬರಬೇಕಂತೆ.

ಈಗ ಅವಳ ಮುಂದೆ ಹೋಗಿ ನಿಲ್ಲಬೇಕಲ್ಲ. ತಪ್ಪಾಯಿತು ಎಂದೆ. ಅವಳು ಸಿಟ್ಟು ಮಾಡಲಿಲ್ಲ. “ಮೇಡಂ, ಅವರು ಕೇಳಿದ್ದು ನನಗೇನು ಹೊಸಾದಲ್ರಿ. ನೀವು ಡ್ಯೂಟಿ ಅಂತ ಸುಳ್ಳು ಹೇಳಿದ್ದು ಹೊಸಾದು” ಎಂದಳು. ಬರುತ್ತೇನೆ ಎಂದೂ ಹೇಳಲಿಲ್ಲ. ಎರಡು ದಿನ ಬಿಟ್ಟು ಬಂದು, “ಸರ್ ಕೈ ಸಲುವಾಗಿ ಬರತೇನ್ರಿ. ಆದ್ರ ಬಾಗಿಲದಾಗ ನಿಂತು ನನ್ನ ಹೆಸರು ಹೇಳಿ, ನಾನು ಯಾರು ಅನ್ನೋದನ್ನ ನೀವ ಹೇಳಬೇಕು” ಎಂದಳು. ಹೇಳಿದೆ. ನನ್ನ ದನಿ ನಡುಗಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅವಳ ಪೋಸ್ಟಿಂಗ್ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಕೊನೆಯ ದಿನ ಮಾಸ್ತರರು ಕರಡಿಗೆ ಬಿಚ್ಚಿಸಿ, ಲಿಂಗವನ್ನು ಬಲಗೈಯಿಂದ ತೆಗೆದು ತಾವೇ ಎಡ ಅಂಗೈಗೆ ಇಟ್ಟುಕೊಂಡರು. ಕೆಳಗೆ ಅವಳ ಕೈ ಇರಲಿ ಎಂದು ಸನ್ನೆ ಮಾಡಿದರು. ಬಾಗಿಲಲ್ಲಿ ನಿಂತಿದ್ದ ತಾಯಿ ಏನೂ ಅನ್ನಲಿಲ್ಲ. ಲಿಂಗ ಬೀಳಲಿಲ್ಲ. ಆದರೆ ಅವತ್ತೂ ಅವಳಿಗೆ ಚಹಾ ಬಂದದ್ದು ಪೇಪರ್ ಕಪ್ಪಿನಲ್ಲೇ. ಬೀಗರಲ್ಲಿ ಇಬ್ಬರು ಆಮೇಲೆ ಕೆಲವು ದಿನ ಆ ಮನೆಗೆ ಬರಲಿಲ್ಲ ಎಂದೂ ಕೇಳಿದೆ.

ಮಾಸ್ತರರ ಕೈ ಪೂರ್ತಿ ಸರಿಹೋಗಲಿಲ್ಲ. ಐದಾರು ತಿಂಗಳಾದ ಲಕ್ವದ ಕೈಯಲ್ಲಿ ಪವಾಡ ಆಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕುರ್ಚಿಯ ಮೇಲೆ ಕೂತು, ಮುಂಗೈಗೆ ಟವೆಲ್ಲಿನ ಆಸರೆ ಕೊಟ್ಟು, ಕೆಳಗೆ ಬಲಗೈ ಹಿಡಿದು ಎರಡು ವರ್ಷ ಪೂಜೆ ಮಾಡಿಕೊಂಡರು. ನೆಲದ ಮೇಲೆ ಪದ್ಮಾಸನದಲ್ಲೇ ಕೂಡಬೇಕೆಂದು ಹಟ ಹಿಡಿಯುವವರಿಗೆ, ಅದರಲ್ಲೂ ಚಪ್ಪೆಯ ಕೀಲಿನ ಆಪರೇಶನ್ ಆದವರಿಗೆ, ಹೇಳುತ್ತಿದ್ದೇನೆ: ಕುರ್ಚಿಯಲ್ಲಿ ಕೂಡಿ. ಹೊಸ ಕೀಲು ಕಾಲು ಮಡಚಿ ಕೂತರೆ ಜಾರಬಹುದು. ಅನುಮಾನವಿದ್ದರೆ ಪೂಜ್ಯರು ಇಲ್ಲೇ ಇದ್ದಾರೆ, ಕೇಳಿ.

ಈಗ ನಾನು ಹೊಸ ಮನೆಗೆ ಹೋದಾಗ ಮೊದಲ ದಿನವೇ ಹೇಳುತ್ತೇನೆ, ಈ ಹುಡುಗ ಹುಡುಗಿಯರ ಕೈ ನನ್ನ ಕೈ ಇದ್ದಂತೆ, ಇವರು ಬೇಡವೆಂದರೆ ನಾನೂ ಬರುವುದಿಲ್ಲ. ಎರಡು ಮನೆಯವರು ಬೇಡ ಎಂದರು. ಎರಡೂ ನಮ್ಮವರ ಮನೆಗಳೇ. ಒಂದರಲ್ಲಿ ಬಾಗಿಲಿನ ಮೇಲೆ ಬಸವಣ್ಣನವರ ಫೋಟೋ ಇತ್ತು. ರೋಗಿಯನ್ನು ಬಿಟ್ಟು ಬಂದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೇರೆ ಥೆರಪಿಸ್ಟ್ ಒಬ್ಬರ ನಂಬರ್ ಕಳಿಸಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಈ ಸಭೆಯ ಹಿರಿಯರು ಹೇಳಿದರೆ ಕೇಳುತ್ತೇನೆ.

ಮಾಸ್ತರರು ಲಿಂಗೈಕ್ಯರಾಗಿ ಒಂದೂವರೆ ವರ್ಷವಾಯಿತು. ಈ ವಿಷಯ ಹೇಳಬಹುದೇ ಎಂದು ಹೋದ ವಾರ ಆ ತಾಯಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಹೇಳ್ರಿ. ಕಪ್ಪಿನದೂ ಹೇಳ್ರಿ” ಎಂದರು. ಅದಕ್ಕೇ ಹೇಳಿದೆ.

ಈಗ ಪ್ರಸಾದದ ಹೊತ್ತಾಯಿತು. ನನ್ನ ಜೊತೆ ಇವತ್ತು ಮೂವರು ಇಂಟರ್ನ್‌ಗಳು ಬಂದಿದ್ದಾರೆ, ಅಲ್ಲಿ ಕಂಬದ ಹತ್ತಿರ ನಿಂತಿದ್ದಾರೆ. ಪ್ರಸಾದ ಆದ ಮೇಲೆ ಕೋಲಿನವರೆಲ್ಲ ಅವರ ಹತ್ತಿರ ಹೋಗಿ. ಎತ್ತರ ನೋಡಿ ಸರಿಮಾಡಿ ಕೊಡುತ್ತಾರೆ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ. ಅವರದೂ ಊಟ ಆಗಿಲ್ಲ, ಜೊತೆಗೆ ಕೂಡಿಸಿಕೊಳ್ಳಿ.