ಎದೆಯಲ್ಲಿನ ಗಂಟು ಬೇಗ ಬೆಳೀತಿದ್ಯಾ? ಮೊದಲ ಆಪರೇಷನ್‌ಗೂ ಮುಂಚೆ ಇದನ್ನ ಕೇಳಿ

ಇವತ್ತಿನ ಎಪಿಸೋಡ್ ವಿಷಯ ಕೆಲವರಿಗೆ ಮುಜುಗರ ಅನ್ನಿಸಬಹುದು. ಪರವಾಗಿಲ್ಲ, ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಆದ್ರೆ ಪೂರ್ತಿ ಕೇಳಿ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯೋ ಅಕ್ಕ ಇರಬಹುದು, ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಾಕೋರು ಇರಬಹುದು, ಕನಕಪುರದಿಂದಲೋ ಮಾಗಡಿಯಿಂದಲೋ ಬೆಳಗ್ಗೆ ಬೆಂಗಳೂರು ಬಸ್ ಹಿಡಿಯೋ ಕಾಲೇಜು ಹುಡುಗಿ ಇರಬಹುದು. ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತೆ. ನೋವಿಲ್ಲ. 'ನೋವಿಲ್ವಲ್ಲ, ಏನೂ ಇರಲ್ಲ' ಅಂತ ಸುಮ್ಮನಾಗ್ತಾರೆ.

ಹೆಚ್ಚಿನ ಸಲ ಅದು ನಿಜಾನೇ. ಚಿಕ್ಕ ವಯಸ್ಸಿನಲ್ಲಿ ಸಿಗೋ ಇಂಥ ಗಂಟುಗಳಲ್ಲಿ ಬಹುಪಾಲು ಫೈಬ್ರೋಅಡಿನೋಮಾ. ಅದು ಕ್ಯಾನ್ಸರ್ ಅಲ್ಲ. ಆದರೆ ನೋಡೋಕೆ, ಮುಟ್ಟೋಕೆ ಹಾಗೇ ಇರೋ ಇನ್ನೊಂದು ಗಡ್ಡೆ ಇದೆ. ಹೆಸರು ಫಿಲ್ಲೋಡಿಸ್ ಟ್ಯೂಮರ್. ಗ್ರೀಕ್ ಭಾಷೆಯ 'ಎಲೆ' ಅನ್ನೋ ಪದದಿಂದ ಈ ಹೆಸರು ಬಂತು, ಯಾಕಂದ್ರೆ ಕತ್ತರಿಸಿ ನೋಡಿದ್ರೆ ಒಳಗೆ ಎಲೆ ಎಲೆಯಾಗಿ ಕಾಣುತ್ತೆ. 1838ರಲ್ಲಿ ಜರ್ಮನಿಯ ಯೊಹಾನ್ನೆಸ್ ಮುಲ್ಲರ್ ಇದನ್ನ ಗುರುತಿಸಿದರು. ಸ್ತನದ ಗಡ್ಡೆಗಳಲ್ಲಿ ನೂರಕ್ಕೆ ಒಂದು ಕೂಡ ಇದಲ್ಲ, ಅಷ್ಟು ಅಪರೂಪ. ನಲವತ್ತರ ಆಸುಪಾಸಿನವರಲ್ಲಿ ಹೆಚ್ಚು, ಆದ್ರೆ ಇಪ್ಪತ್ತರವರಿಗೂ ಬರಬಹುದು.

ಗುರುತು ಏನು? ವೇಗ. ಕೆಲವೇ ವಾರ, ತಿಂಗಳುಗಳಲ್ಲಿ ನಿಂಬೆಹಣ್ಣಿನಷ್ಟು, ಮೂಸಂಬಿಯಷ್ಟು ಆಗಿಬಿಡಬಹುದು. ಇದರಲ್ಲಿ ಮೂರು ಬಗೆ: ಸೌಮ್ಯ, ನಡುವಿನದು, ಕ್ಯಾನ್ಸರ್. ಹೆಚ್ಚಿನವು ಸೌಮ್ಯವೇ. ಆದರೆ ಪೂರ್ತಿ ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತೆ.

ಇವತ್ತಿನ ಮುಖ್ಯ ಮಾತು ಇಲ್ಲಿದೆ. ಫೈಬ್ರೋಅಡಿನೋಮಾ ತೆಗೆಯೋದು ನಮ್ಮ ಮಾಗಡಿ ಅವರೆಕಾಳನ್ನ ಹಿತುಕಿದ ಹಾಗೆ, ಒತ್ತಿದ್ರೆ ಸಿಪ್ಪೆ ಬಿಟ್ಟು ಕಾಳು ಈಚೆ ಬರುತ್ತೆ. ಫಿಲ್ಲೋಡಿಸ್ ಹಾಗಲ್ಲ. ಸಸಿಯನ್ನ ಬೇರಿನ ಸುತ್ತಲ ಮಣ್ಣಿನ ಸಮೇತ ಎತ್ತಿದ ಹಾಗೆ, ಸುತ್ತ ಸ್ವಲ್ಪ ಒಳ್ಳೆಯ ಮಾಂಸಾನೂ ಸೇರಿಸಿ ತೆಗೀಬೇಕು. ಇದಕ್ಕೆ ಡಾಕ್ಟರು 'ಮಾರ್ಜಿನ್' ಅಂತಾರೆ. ಸಾಮಾನ್ಯವಾಗಿ ಸುಮಾರು 1 ಸೆಂಟಿಮೀಟರ್ ನೋಡ್ತಾರೆ. ಸೌಮ್ಯ ಬಗೆ ಆಗಿದ್ದು, ಗಡ್ಡೆ ಪೂರ್ತಿ ಬಂದಿದ್ರೆ, ಅದಕ್ಕಿಂತ ಕಮ್ಮಿ ಮಾರ್ಜಿನ್ ಇದ್ರೂ ಮತ್ತೆ ಆಪರೇಷನ್ ಮಾಡದೆ ಗಮನಿಸ್ತಾ ಹೋಗಬಹುದು.

ಹಾಗಾದ್ರೆ ಸ್ತನಾನೇ ತೆಗೀಬೇಕಾ? ಹೆಚ್ಚಿನವರಿಗೆ ಬೇಡ. ಗಡ್ಡೆ ತೀರಾ ದೊಡ್ಡದಾಗಿದ್ದು ಮಾರ್ಜಿನ್ ಸಿಗದಿದ್ರೆ ಮಾತ್ರ ಆ ಮಾತು ಬರುತ್ತೆ. ಆಗಲೂ ಪ್ಲಾಸ್ಟಿಕ್ ಸರ್ಜರಿಯಿಂದ ಆಕಾರ ಕೊಡೋ ದಾರಿ ಇದೆ. ಇದು ಕಂಕುಳಿನ ಗ್ರಂಥಿಗಳಿಗೆ ಹರಡೋದು ಬಹಳ ಅಪರೂಪ, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಕತ್ತರಿ ಹಾಕಲ್ಲ. ಕ್ಯಾನ್ಸರ್ ಬಗೆ ಆಗಿದ್ರೆ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ಎದೆಯ ಸ್ಕ್ಯಾನ್ ಮಾಡಿಸ್ತಾರೆ, ಬೇಕಾದ್ರೆ ರೇಡಿಯೇಷನ್ ಕೊಡ್ತಾರೆ.

ಅಂದ್ರೆ ಮೊದಲ ಆಪರೇಷನ್ ಸರಿಯಾಗಿ ಆಗೋದು ಮುಖ್ಯ. ಡಾಕ್ಟರ್ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿ. ಒಂದು: 'ಆಪರೇಷನ್‌ಗೆ ಮುಂಚೆ ಕೋರ್ ಬಯಾಪ್ಸಿ ಮಾಡಿಸ್ಬೇಕಾ, ಡಾಕ್ಟ್ರೇ?' ಬರೀ ಅಲ್ಟ್ರಾಸೌಂಡ್‌ನಲ್ಲಿ ಇವೆರಡರ ವ್ಯತ್ಯಾಸ ಖಚಿತವಾಗಿ ಗೊತ್ತಾಗಲ್ಲ. ಸಣ್ಣ ಸೂಜಿಯ ಪರೀಕ್ಷೆಯಲ್ಲೂ ತಪ್ಪಿಹೋಗಬಹುದು. ಎರಡು: 'ಎಷ್ಟು ಮಾರ್ಜಿನ್ ಬಿಟ್ಟು ತೆಗೀತೀರಾ?' ಮೂರು: 'ತೆಗೆದ ಗಡ್ಡೆ ಪೂರ್ತಿ ಪ್ಯಾಥಾಲಜಿಗೆ ಕಳಿಸ್ತೀರಾ?' ತೆಗೆದಿದ್ದನ್ನ ಪರೀಕ್ಷೆಗೆ ಕಳಿಸದೆ ಬಿಡಬಾರದು. ಆ ರಿಪೋರ್ಟೇ ಮುಂದಿನ ದಾರಿ ಹೇಳೋದು.

ಎಲ್ಲಿಗೆ ಹೋಗೋದು? ಮೊದಲು ನಿಮ್ಮ ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆ. ಅನುಮಾನ ಇದ್ರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, 1973ರಿಂದ ಇರೋ ಕ್ಯಾನ್ಸರ್ ಸಂಸ್ಥೆ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಕನಕಪುರ, ಮಾಗಡಿಯವರಿಗೆ ಬಸ್ಸಿದೆ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಕೈಯಲ್ಲಿರಲಿ.

ಆಪರೇಷನ್ ಆದ ಮೇಲೂ ಚೆಕಪ್ ಬಿಡಬೇಡಿ. ಮತ್ತೆ ಬರೋದಿದ್ರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೇ ಬರುತ್ತೆ. ರಿಪೋರ್ಟ್‌ಗಳ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಡಾಕ್ಟರ್ ಬದಲಾದ್ರೂ ಮಾಹಿತಿ ಕಳೆದುಹೋಗಲ್ಲ. ಇನ್ನೊಂದು ಕೆಲಸ: ಈ ಎಪಿಸೋಡನ್ನ ನಿಮ್ಮ ಅಮ್ಮನಿಗೆ, ಅತ್ತಿಗೆಗೆ ಕಳಿಸಿ. 'ನಿಮಗೇನಾದ್ರೂ ಗಂಟು ಕೈಗೆ ಸಿಕ್ಕಿದ್ಯಾ?' ಅಂತ ಕೇಳಿ. ನೀವು ಕೇಳ್ದೇ ಅವರಾಗೇ ಹೇಳೋದು ಕಷ್ಟ.

ಮುಂದಿನ ವಾರ ಸಿಗೋಣ.